ಇಪ್ಪತ್ತು ಸೆಂಟಿಮೀಟರ್ ಅನ್ನೋ ಒಂದು ಸಾಲು: ನಮ್ಮ ಎಸ್‌ಎಆರ್ ಟೆಸ್ಟ್ ಅನುಭವ

ಮೊನ್ನೆ ಗುರುವಾರ ರಾತ್ರಿ ಹನ್ನೊಂದೂವರೆಗೆ ಮೇಲ್ ಬಂತು. ಎಫ್‌ಸಿಸಿ ಗ್ರಾಂಟ್ ಸಿಕ್ಕಿದೆ. ಅಂದರೆ ಅಮೆರಿಕದಲ್ಲಿ ರೇಡಿಯೊ ಸಾಧನ ಮಾರಲು ಬೇಕಾದ ಅನುಮತಿ. ಜನವರಿಯಲ್ಲಿ ಶುರುವಾದ ಕೆಲಸ ಜೂನ್ ಕೊನೆಗೆ ಮುಗಿಯಿತು. ಅಡುಗೆಮನೆಯಲ್ಲಿ ನಿಂತುಕೊಂಡೇ ಆ ಮೇಲ್ ಮೂರು ಸಲ ಓದಿದೆ. ಕಣ್ಣು ತುಂಬಿ ಬಂತು. ಇದೇ ದಾರಿ ಹಿಡಿಯುವವರಿಗೆ ಅನುಕೂಲ ಆಗಲಿ ಅಂತ, ಎಲ್ಲ ನೆನಪಿರುವಾಗಲೇ ಬರೆಯುತ್ತಿದ್ದೇನೆ.

ನಮ್ಮದು ಐದು ಜನರ ಸಣ್ಣ ಕಂಪನಿ. ಬೆಂಗಳೂರಿನ ಬಸವೇಶ್ವರನಗರದಲ್ಲಿ ಒಂದು ಮನೆಯ ಮೊದಲ ಮಹಡಿಯಲ್ಲಿದೆ. ವಯಸ್ಸಾದವರು ಕೊರಳಿಗೆ ಹಾಕಿಕೊಳ್ಳುವ ಪೆಂಡೆಂಟ್ ಮಾಡುತ್ತೇವೆ. ಒಳಗೆ 4ಜಿ, ಜಿಪಿಎಸ್, ಬ್ಲೂಟೂತ್ ಇದೆ. ಬಿದ್ದರೆ ಅಥವಾ ಗುಂಡಿ ಒತ್ತಿದರೆ ಮಕ್ಕಳಿಗೆ ಕರೆ ಹೋಗುತ್ತದೆ, ಪೆಂಡೆಂಟ್‌ನಲ್ಲೇ ಮಾತಾಡಬಹುದು. ಮೊದಲ ಪೀಸು ಹಾಕಿಕೊಂಡವರು ನನ್ನ ಅಮ್ಮ. ಅವರು ತೀರ್ಥಹಳ್ಳಿ ಹತ್ತಿರದ ನಮ್ಮ ಊರಲ್ಲಿ ಒಬ್ಬರೇ ಇರುತ್ತಾರೆ. ಹಾಕಿದ ದಿನವೇ ಕೇಳಿದ್ದರು, "ಎದೆ ಮೇಲೇ ಇರ್ತದಲ್ಲೇ, ಇದ್ರಿಂದ ಎಂಥದೂ ಆಗಲ್ವಾ?" "ಏನೂ ಆಗಲ್ಲ ಅಮ್ಮ" ಅಂದಿದ್ದೆ. ಅಳತೆ ಮಾಡಿ ಹೇಳಿದ ಮಾತಾಗಿರಲಿಲ್ಲ ಅದು.

ಜನವರಿಯಲ್ಲಿ ಅಮೆರಿಕದ ಒಬ್ಬ ಡಿಸ್ಟ್ರಿಬ್ಯೂಟರ್‌ನಿಂದ ಐನೂರು ಪೀಸಿನ ಆರ್ಡರ್ ಬಂತು. ಷರತ್ತು ಒಂದೇ, ಎಫ್‌ಸಿಸಿ ಸರ್ಟಿಫಿಕೇಟ್ ಬೇಕು. ನಾವು ಬೋರ್ಡಿನಲ್ಲಿ ಹಾಕಿದ್ದ, ಬೇರೆ ಕಂಪನಿಯ ರೆಡಿ 4ಜಿ ಮಾಡ್ಯೂಲ್‌ಗೆ ಆಗಲೇ ಎಫ್‌ಸಿಸಿ ಐಡಿ ಇತ್ತು. ಮಾಡ್ಯೂಲ್ ಪಾಸ್ ಆಗಿದೆ ಅಂದಮೇಲೆ ನಮ್ಮದು ಸುಲಭ ಅಂತ ಎಲ್ಲರೂ ಅಂದುಕೊಂಡಿದ್ದೆವು. ಇದಕ್ಕೆ ಅಂತ ಎತ್ತಿಟ್ಟ ದುಡ್ಡು ಎರಡು ಲಕ್ಷ.

ಲ್ಯಾಬಿನವರ ಜೊತೆ ಮೊದಲ ಕಾಲ್‌ನಲ್ಲೇ ಅವರು ಕೇಳಿದ್ದು, "ಮೇಡಂ, ಮಾಡ್ಯೂಲ್ ಗ್ರಾಂಟ್‌ನಲ್ಲಿರೋ ಷರತ್ತು ಓದಿದ್ದೀರಾ?" ಓದಿರಲಿಲ್ಲ. ತೆಗೆದು ನೋಡಿದೆ. ಆಂಟೆನಾ ಮತ್ತು ಮನುಷ್ಯರ ನಡುವೆ ಕನಿಷ್ಠ 20 ಸೆಂಟಿಮೀಟರ್ ಅಂತರ ಇರಬೇಕು ಅಂತ ಒಂದು ಸಾಲು. ನಮ್ಮ ಪೆಂಡೆಂಟ್ ಇರುವುದು ಎದೆಗೆ ಅಂಟಿಕೊಂಡು.

ದಯವಿಟ್ಟು ಈ ಸಾಲು ನೆನಪಿಡಿ. ಮೈಯಿಂದ 20 ಸೆಂಟಿಮೀಟರ್ ಒಳಗೆ ಬಳಸುವ ಸಾಧನ ಎಫ್‌ಸಿಸಿ ಲೆಕ್ಕದಲ್ಲಿ 'ಪೋರ್ಟಬಲ್'. ಅದರಾಚೆಗಿನದು 'ಮೊಬೈಲ್'. ಹೆಚ್ಚಿನ ಮಾಡ್ಯೂಲ್‌ಗಳು ಈ ಎರಡನೇ ಲೆಕ್ಕದಲ್ಲಿ ಪಾಸಾಗಿರುತ್ತವೆ. ಗೋಡೆಗೆ ಹಾಕುವ ಮೀಟರ್, ಗಾಡಿಯೊಳಗಿನ ಟ್ರ್ಯಾಕರ್‌ಗೆ ಅದು ಸಾಕು. ಮೈಮೇಲೆ ಹಾಕುವ ವಸ್ತುವಿಗೆ, ಅದರ ಪವರ್ ತೀರಾ ಕಮ್ಮಿ ಇದ್ದರೆ ಮಾತು ಬೇರೆ, ಇಲ್ಲದಿದ್ದರೆ ಎಸ್‌ಎಆರ್ ಅಳೆಯಲೇಬೇಕು. ಅಂದರೆ ಒಂದು ಕಿಲೋ ಅಂಗಾಂಶ ಎಷ್ಟು ವಾಟ್ ರೇಡಿಯೊ ಶಕ್ತಿ ಹೀರಿಕೊಳ್ಳುತ್ತದೆ ಅನ್ನುವ ಲೆಕ್ಕ. ಅಮೆರಿಕದಲ್ಲಿ ತಲೆ ಮತ್ತು ಮೈಗೆ ಮಿತಿ ಕಿಲೋಗೆ 1.6 ವಾಟ್, ಯಾವುದೇ 1 ಗ್ರಾಂ ಅಂಗಾಂಶದ ಸರಾಸರಿ. ನಮ್ಮ ದೇಶದಲ್ಲೂ ಮೊಬೈಲ್ ಫೋನ್‌ಗಳಿಗೆ 2012ರ ಸೆಪ್ಟೆಂಬರ್ 1ರಿಂದ ಇದೇ ಮಿತಿ ಇದೆ. ಫೋನಿನಲ್ಲಿ *#07# ಒತ್ತಿದರೆ ಬರುವುದು ಆ ಫೋನಿನ ಎಸ್‌ಎಆರ್ ಸಂಖ್ಯೆ. ಯುರೋಪಿನಲ್ಲಿ 2 ವಾಟ್, ಆದರೆ 10 ಗ್ರಾಂ ಸರಾಸರಿ. ಕೈ ಕಾಲುಗಳಿಗೆ ಎರಡೂ ಕಡೆ 4 ವಾಟ್, 10 ಗ್ರಾಂ ಸರಾಸರಿ. ತಲೆ, ಮೈಗೆ ಗ್ರಾಂ ಬೇರೆ ಇರುವುದರಿಂದ ಯುರೋಪಿನ ರಿಪೋರ್ಟ್ ಅಮೆರಿಕಕ್ಕಾಗಲಿ ನಮಗಾಗಲಿ ಹೊಂದುವುದಿಲ್ಲ.

ಕೊಟೇಶನ್ ಬಂತು. 4ಜಿ ಸಿಗ್ನಲ್ ಓಡುವ ತರಂಗ ಪಟ್ಟಿಗಳಿಗೆ ಬ್ಯಾಂಡ್ ಅನ್ನುತ್ತಾರೆ. ಅಮೆರಿಕದ ಐದು ಬ್ಯಾಂಡ್‌ಗೆ 4,80,000 ರೂಪಾಯಿ, ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಆ ದಿನ ಆಫೀಸಿನಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ನನ್ನ ಪಾಲುದಾರ ಮನೆ ರಿಪೇರಿಗೆ ಇಟ್ಟಿದ್ದ ದುಡ್ಡು ತಂದ. ಲ್ಯಾಬ್ ಆರಿಸುವಾಗ ಅದು ಎಫ್‌ಸಿಸಿ ಮಾನ್ಯತೆ ಪಡೆದಿದೆಯಾ, ಅದರಲ್ಲೂ ಎಸ್‌ಎಆರ್‌ಗೆ ಪಡೆದಿದೆಯಾ ಅಂತ ಕಾಗದ ಕೇಳಿ ನೋಡಿ. ಬರೀ ಇಎಂಸಿ (ಬೇರೆ ಯಂತ್ರಗಳಿಗೆ ಅಡ್ಡಿ ಮಾಡುತ್ತದಾ ಅಂತ ನೋಡುವ) ಟೆಸ್ಟ್‌ಗೆ ಮಾನ್ಯತೆ ಇರುವ ಲ್ಯಾಬ್‌ಗಳೂ ಇರುತ್ತವೆ.

ಸ್ಲಾಟ್ ಸಿಕ್ಕಿದ್ದು ಏಳು ವಾರದ ನಂತರ. ಆ ಏಳು ವಾರ ಕಾಗದಕ್ಕೇ ಹೋಯಿತು. ಆಂಟೆನಾ ಯಾವ ಅಂಚಿನಿಂದ ಎಷ್ಟು ಮಿಲಿಮೀಟರ್ ಅಂತ ಡ್ರಾಯಿಂಗ್, ಒಳಗಿನ ಹೊರಗಿನ ಫೋಟೊ, ಕೆಲಸ ಮಾಡುವ ರೀತಿಯ ವಿವರಣೆ, ಬಳಕೆದಾರರ ಕೈಪಿಡಿ, ಪ್ರತಿ ಬ್ಯಾಂಡಿನಲ್ಲೂ ಅತಿ ಹೆಚ್ಚು ಎಷ್ಟು ಪವರ್ ಬರಬಹುದು ಅಂತ ಹೇಳುವ ಟ್ಯೂನ್‌ಅಪ್ ಪತ್ರ. ಈ ಕೊನೆಯದನ್ನು ಮಾಡ್ಯೂಲ್ ಡೇಟಾಶೀಟ್ ನೋಡಿ ಸುಮ್ನೆ ಬರೆದುಬಿಟ್ಟೆವು. 23 ಡಿಬಿಎಂ (ರೇಡಿಯೊ ಪವರ್ ಅಳೆಯುವ ಮಾನ), ಹೆಚ್ಚು ಕಮ್ಮಿ 1. ಅಂದರೆ ಗರಿಷ್ಠ 24. ಇದರ ಕತೆ ಮುಂದೆ ಬರುತ್ತದೆ.

ಮಾಡ್ಯೂಲ್ ಕಂಪನಿಯಿಂದಲೂ ಒಂದು ಪತ್ರ ಬೇಕಿತ್ತು. ಅವರ ಗ್ರಾಂಟ್ ಆಧಾರದ ಮೇಲೆ ನಮ್ಮ ಹೆಸರಿನ ಐಡಿ ಪಡೆದು, ಅದರಲ್ಲಿ ಪೋರ್ಟಬಲ್ ಬಳಕೆಯ ಬದಲಾವಣೆ ಮಾಡಿಸಲು ಅವರ ಒಪ್ಪಿಗೆ ಬೇಕು. ಅದಕ್ಕೇ ಮೂರು ವಾರ ಹಿಡಿಯಿತು. ಬೋರ್ಡ್ ಡಿಸೈನ್ ಮಾಡುವ ಮೊದಲೇ, ಮಾಡ್ಯೂಲ್ ಕೊಳ್ಳುವ ಹೊತ್ತಿಗೇ ಈ ಪತ್ರ ಕೊಡುತ್ತೀರಾ ಅಂತ ಕೇಳಿ. ಕೊಳ್ಳುವ ಮೊದಲು ಎಲ್ಲರೂ ಬೇಗ ಉತ್ತರ ಕೊಡುತ್ತಾರೆ.

ಇನ್ನೊಂದು ದೊಡ್ಡ ಚರ್ಚೆ ಆದದ್ದು ಅಂತರದ ಬಗ್ಗೆ. ನಮಗೆ ಸಲಹೆ ಕೊಡುತ್ತಿದ್ದವರೊಬ್ಬರು, "ಮೈಯಿಂದ 5 ಮಿಲಿಮೀಟರ್ ದೂರ ಇಟ್ಟು ಬಳಸಿ ಅಂತ ಕೈಪಿಡಿಯಲ್ಲಿ ಬರೆದುಬಿಡಿ, ಆ ಅಂತರದಲ್ಲೇ ಟೆಸ್ಟ್ ಮಾಡಿಸಿ, ಸುಲಭವಾಗಿ ಪಾಸಾಗುತ್ತೆ" ಅಂದರು. ನಾನು ಒಪ್ಪಲಿಲ್ಲ. ಅಮ್ಮ ಪೆಂಡೆಂಟನ್ನು ರವಿಕೆಯೊಳಗೆ ಹಾಕಿಕೊಳ್ಳುತ್ತಾರೆ. ಹೊರಗೆ ಬಿಟ್ಟರೆ ಬಾವಿ ಕಟ್ಟೆಗೆ ಬಡಿಯುತ್ತದೆ. ಅದು ಚರ್ಮಕ್ಕೆ ತಾಗಿಕೊಂಡೇ ಇರುತ್ತದೆ. ಎಪ್ಪತ್ತೆರಡು ವರ್ಷದವರು ಕೈಪಿಡಿ ಓದಿ 5 ಮಿಲಿಮೀಟರ್ ಅಳೆದು ಹಾಕಿಕೊಳ್ಳುತ್ತಾರಾ? ಸೊನ್ನೆ ಅಂತರದಲ್ಲೇ ಟೆಸ್ಟ್ ಮಾಡಿಸೋಣ ಅಂದೆ. ದುಡ್ಡು, ಟೈಮು ಎರಡೂ ಜಾಸ್ತಿ ಹೋದದ್ದು ಈ ನಿರ್ಧಾರದಿಂದಲೇ. ನಾಳೆ ಮತ್ತೆ ಕೇಳಿದರೂ ಇದನ್ನೇ ಹೇಳುತ್ತೇನೆ.

2023ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸ್‌ನಲ್ಲಿ ಐಫೋನ್ 12 ಮಾರಾಟ ನಿಲ್ಲಿಸಿದ್ದು ನೆನಪಿರಬಹುದು. ಅಲ್ಲಿನ ಎಎನ್‌ಎಫ್‌ಆರ್ ಸಂಸ್ಥೆ ಫೋನನ್ನು ಕೈಯಲ್ಲಿ ಹಿಡಿದ, ಜೇಬಿನಲ್ಲಿಟ್ಟ ಸ್ಥಿತಿಗೆ ಅಳೆದಾಗ 5.74 ಬಂತು, ಮಿತಿ 4. ಸ್ವಲ್ಪ ದೂರ ಇಟ್ಟು ಮೈಗೆ ಅಳೆದಾಗ ಅದೇ ಫೋನ್ ಮಿತಿಯೊಳಗೇ ಇತ್ತು. ಕೊನೆಗೆ ಸಾಫ್ಟ್‌ವೇರ್ ಅಪ್‌ಡೇಟ್ ಕೊಟ್ಟು ಸರಿ ಮಾಡಿದರು. ಎಷ್ಟು ಅಂತರದಲ್ಲಿ ಅಳೆದಿದ್ದಾರೆ ಅನ್ನೋದೇ ಅರ್ಧ ಉತ್ತರ.

ಮಾರ್ಚ್ ಮೂರನೇ ವಾರ ಲ್ಯಾಬ್‌ಗೆ ಹೋದೆವು. ಸಿಲ್ಕ್ ಬೋರ್ಡ್ ದಾಟಿ ಹೊಸೂರು ರಸ್ತೆಯಲ್ಲಿ ಇನ್ನೂ ದೂರ. ಬೆಳಿಗ್ಗೆ ಆರೂವರೆಗೇ ಹೊರಟೆವು. ಕೋಣೆಯಲ್ಲಿ ಒಂದು ಮೇಜು, ಅದರಲ್ಲಿ ಮನುಷ್ಯನ ತಲೆಯ ಎರಡು ಅರ್ಧ ಅಚ್ಚು, ಎಡಗಿವಿಗೊಂದು ಬಲಗಿವಿಗೊಂದು. ಅದು ಫೋನ್‌ಗಳಿಗೆ. ನಮ್ಮಂಥ ಮೈಮೇಲಿನ ಸಾಧನಕ್ಕೆ ಪಕ್ಕದಲ್ಲಿ ಮೊಟ್ಟೆಯಾಕಾರದ ದೊಡ್ಡ ತೊಟ್ಟಿ, ತಳ ಬರೀ 2 ಮಿಲಿಮೀಟರ್ ದಪ್ಪ. ಇದನ್ನು ಫ್ಯಾಂಟಮ್ ಅನ್ನುತ್ತಾರೆ. ಒಳಗೆ ಅಂಗಾಂಶದ ಗುಣ ಇರುವ ಲಿಕ್ವಿಡ್, ಕನಿಷ್ಠ 15 ಸೆಂಟಿಮೀಟರ್ ಆಳ. ಪೆಂಡೆಂಟನ್ನು ತಳದ ಹೊರಗಡೆಗೆ, ಕೆಳಗಿನಿಂದ ಒತ್ತಿ ಇಡುತ್ತಾರೆ. ಮೇಲಿನಿಂದ ರೋಬೋಟ್ ತೋಳು ಬಂದು, ಕಡ್ಡಿಯಂಥ ಪ್ರೋಬನ್ನು ಲಿಕ್ವಿಡ್‌ನೊಳಗೆ ಇಳಿಸುತ್ತದೆ. ಅಲೆಯೇ ಏಳದಷ್ಟು ನಿಧಾನ. ಒಂದು ಜಾಗ ಅಳೆಯುತ್ತದೆ, ಸ್ವಲ್ಪ ಸರಿಯುತ್ತದೆ, ಮತ್ತೆ ಅಳೆಯುತ್ತದೆ. ಮೊದಲು ಇಡೀ ಜಾಗದ ಸ್ಕ್ಯಾನ್. ಆಮೇಲೆ ಜಾಸ್ತಿ ಕಂಡ ಕಡೆ ಹತ್ತಿರ ಹತ್ತಿರ ಚುಕ್ಕಿಗಳ ಜೂಮ್ ಸ್ಕ್ಯಾನ್. ಒಂದು ಸುತ್ತಿಗೆ ಇಪ್ಪತ್ತು ನಿಮಿಷ. ಸ್ಕ್ರೀನ್ ಮೇಲೆ ನೀಲಿ, ಹಸಿರು, ಹಳದಿ, ನಡುವೆ ಒಂದು ಕೆಂಪು ಚುಕ್ಕೆ. ಆ ಕೆಂಪು ಚುಕ್ಕೆ ಇದ್ದದ್ದು ಸರಿಯಾಗಿ ನಮ್ಮ ಆಂಟೆನಾ ಇದ್ದ ಕಡೆ. ಅಮ್ಮನ ಎದೆಯ ಮೇಲೆ ಅದು ಎಲ್ಲಿ ಬರುತ್ತದೆ ಅಂತ ನನಗೆ ಗೊತ್ತಿತ್ತು. ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ.

ಅಷ್ಟು ಸ್ಕ್ಯಾನ್ ನೋಡುವ ಹೊತ್ತಿಗೆ ಎರಡು ದಿನ ಕಳೆದಿತ್ತು. ಮೊದಲ ದಿನ ಪೆಂಡೆಂಟ್ ಕನೆಕ್ಟೇ ಆಗಲಿಲ್ಲ. ಲ್ಯಾಬ್‌ನಲ್ಲಿ ನಿಜವಾದ ಟವರ್ ಇರುವುದಿಲ್ಲ, ಕಾಲ್ ಬಾಕ್ಸ್ ಅನ್ನುವ ಯಂತ್ರವೇ ಟವರ್. ಅದು ಸಾಧನಕ್ಕೆ "ಪೂರ್ತಿ ಪವರ್‌ನಲ್ಲಿ ಕಳಿಸು" ಅಂತ ಹೇಳುತ್ತದೆ. ಅದಕ್ಕೆ ಅವರ ಟೆಸ್ಟ್ ಸಿಮ್ ಹಾಕಬೇಕು. ನಮ್ಮದು ಬೋರ್ಡಿಗೇ ಬೆಸುಗೆ ಹಾಕಿದ ಇ-ಸಿಮ್! ಸಿಮ್ ಹಾಕುವ ಜಾಗವೇ ಇಲ್ಲ. ಅದೃಷ್ಟಕ್ಕೆ ಬೋರ್ಡಿನಲ್ಲಿ ಎರಡನೇ ಸಿಮ್‌ಗೆ ಅಂತ ಬಿಟ್ಟ ಖಾಲಿ ಪ್ಯಾಡ್‌ಗಳಿದ್ದವು. ಮಧ್ಯಾಹ್ನ ಎಸ್‌ಪಿ ರೋಡ್‌ಗೆ ಓಡಿ ನ್ಯಾನೊ ಸಿಮ್ ಹೋಲ್ಡರ್ ತಂದು, ರಾತ್ರಿ ಮೂರು ಪೀಸಿಗೆ ಬೆಸುಗೆ ಹಾಕಿದೆವು.

ಎರಡನೇ ದಿನ ಕನೆಕ್ಟ್ ಆಯಿತು, ಹತ್ತು ನಿಮಿಷಕ್ಕೆ ಕಟ್ ಆಯಿತು. ಮತ್ತೆ ಹಚ್ಚಿದರೆ ಮತ್ತೆ ಹತ್ತು ನಿಮಿಷ. ಸರ್ವರ್ ಸಿಗದಿದ್ದರೆ ಮೋಡೆಮ್ ರೀಸ್ಟಾರ್ಟ್ ಮಾಡು ಅಂತ ನಮ್ಮ ಫರ್ಮ್‌ವೇರ್‌ನಲ್ಲೇ ಬರೆದಿತ್ತು. ಸ್ಕ್ಯಾನ್ ಇಪ್ಪತ್ತು ನಿಮಿಷದ್ದು. ಶುರುವಿನಲ್ಲಿ ಮತ್ತು ಕೊನೆಯಲ್ಲಿ ಒಂದೇ ಜಾಗದಲ್ಲಿ ಅಳೆದು, ವ್ಯತ್ಯಾಸ 5 ಪರ್ಸೆಂಟ್ ಒಳಗಿದ್ದರೆ ಮಾತ್ರ ಆ ಸುತ್ತು ಲೆಕ್ಕಕ್ಕೆ. ಅಲ್ಲೇ ಲ್ಯಾಪ್‌ಟಾಪ್ ತೆಗೆದು ಟೆಸ್ಟ್ ಫರ್ಮ್‌ವೇರ್ ಮಾಡಿದೆವು. ನೀವು ಹೋಗುವ ಮೊದಲೇ ಮಾಡಿಕೊಳ್ಳಿ. ನಿದ್ದೆಗೆ ಹೋಗದ, ರೀಸ್ಟಾರ್ಟ್ ಆಗದ ಫರ್ಮ್‌ವೇರ್. ಟೆಸ್ಟ್ ಸಿಮ್ ಹಾಕಲು ಜಾಗ. ಪವರ್ ಅಳೆಯಲು ಆಂಟೆನಾ ಬದಲು ಕೇಬಲ್ ಬೆಸೆದ ಇನ್ನೊಂದು ಪೀಸು. ಚಾರ್ಜರ್ ಸಿಕ್ಕಿಸಿ ಟೆಸ್ಟ್ ಮಾಡುವಂತಿಲ್ಲ, ಹಾಗಾಗಿ ಒಂದು ಅಳತೆಯಲ್ಲಿರುವಾಗ ಇನ್ನೊಂದು ಚಾರ್ಜ್ ಆಗುತ್ತಿರಬೇಕು. ನಾವು ಮೂರು ಒಯ್ದಿದ್ದೆವು, ಐದು ಇದ್ದರೆ ಚೆನ್ನಾಗಿರುತ್ತಿತ್ತು.

ಸೊಂಟಕ್ಕೆ ಸಿಕ್ಕಿಸುವ ಕ್ಲಿಪ್ ಬಗ್ಗೆಯೂ ಕೇಳಿದರು. ಡಬ್ಬಿಯಲ್ಲಿ ಒಂದು ಸ್ಟೀಲ್ ಕ್ಲಿಪ್ ಕೊಡುತ್ತಿದ್ದೆವು. ಲೋಹ ಇದ್ದರೆ ಅದರ ಜೊತೆಗೂ ಬೇರೆಯಾಗಿ ಅಳೆಯಬೇಕಂತೆ. ಲೋಹ ಹತ್ತಿರ ಬಂದರೆ ಹೀರುವ ಜಾಗವೇ ಬದಲಾಗಬಹುದು. ಕ್ಲಿಪ್ ಪ್ಲಾಸ್ಟಿಕ್‌ಗೆ ಬದಲಾಯಿಸಿದೆವು.

ಮೂರನೇ ದಿನ ಎಸಿ ಕೆಟ್ಟಿತು. ಲಿಕ್ವಿಡ್‌ನ ಗುಣ ಅಳೆದಾಗ ಇದ್ದ ಉಷ್ಣಾಂಶಕ್ಕಿಂತ 2 ಡಿಗ್ರಿ ಆಚೀಚೆ ಆದರೆ ಅಳತೆ ನಿಲ್ಲಿಸಬೇಕು. 1900 ಮೆಗಾಹರ್ಟ್ಸ್‌ಗೆ ಅದರ ವಿದ್ಯುತ್ ಗುಣಗಳಾದ ಪರ್ಮಿಟಿವಿಟಿ 40, ಕಂಡಕ್ಟಿವಿಟಿ 1.4ರ ಆಸುಪಾಸಿನಲ್ಲೇ ಇರಬೇಕು. ಎಸಿ ಸರಿಯಾಗಿ, ಲಿಕ್ವಿಡ್ ತಣಿದು, ಮತ್ತೆ ಕಲಕಿ, ಗುಳ್ಳೆ ಹೋಗುವವರೆಗೆ ಕಾದು, ಗೊತ್ತಿರುವ ಡೈಪೋಲ್ ಆಂಟೆನಾ ಇಟ್ಟು ಯಂತ್ರ ಸರಿ ತೋರಿಸುತ್ತಿದೆಯಾ ಅಂತ ಮತ್ತೆ ಪರೀಕ್ಷಿಸಿ... ಅರ್ಧ ದಿನ ಹೋಯಿತು. ಅಲ್ಲಿನ ಎಂಜಿನಿಯರ್ ಹುಡುಗ ಊಟ ಬಿಟ್ಟು ನಿಂತಿದ್ದ. ಅವನ ತಾಳ್ಮೆಯನ್ನು ನಾನು ಮರೆಯುವುದಿಲ್ಲ.

ಬ್ಯಾಂಡ್ 5, 12, 13 ಆರಾಮಾಗಿ ಮಿತಿಯೊಳಗೆ ಬಂದವು. ಐದನೇ ದಿನ ಸಂಜೆ ಬ್ಯಾಂಡ್ 2, ಪೆಂಡೆಂಟ್‌ನ ಹಿಂಬದಿ. ಸ್ಕ್ರೀನ್ ಮೇಲೆ 1.52 ಬಂತು. ಮಿತಿ 1.6. ಅಷ್ಟು ಜಾಸ್ತಿ ಬಂದರೆ ಮತ್ತೆ ಅಳೆಯುವ ನಿಯಮ ಇದೆ. ಮತ್ತೂ ಹಾಗೇ ಬಂತು. ನಾವು ಒಬ್ಬರ ಕೈ ಒಬ್ಬರು ಹಿಡಿದುಕೊಂಡೆವು, ಪಾಸು ಅಂತ.

"ಮೇಡಂ, ಇನ್ನೂ ಸ್ಕೇಲ್ ಮಾಡಿಲ್ಲ" ಅಂದ ಆ ಹುಡುಗ. ನಮ್ಮ ಪೀಸು ಅಳತೆಯ ಹೊತ್ತಿಗೆ ಕೊಡುತ್ತಿದ್ದದ್ದು 23.1 ಡಿಬಿಎಂ. ಆದರೆ ಟ್ಯೂನ್‌ಅಪ್ ಪತ್ರದಲ್ಲಿ ಗರಿಷ್ಠ 24 ಅಂತ ನಾವೇ ಬರೆದಿದ್ದೆವು. ಹಾಗಾದರೆ ಮಾರುವ ಪೀಸುಗಳಲ್ಲಿ ಯಾವುದಾದರೂ ಒಂದು 24 ಕೊಡಬಹುದು. ಆದ್ದರಿಂದ ಆ 0.9 ಡಿಬಿ ಸೇರಿಸಿ ಲೆಕ್ಕ ಹಾಕಬೇಕು, ಅಂದರೆ 1.23 ಪಟ್ಟು. 1.87. ಫೇಲು.

ಆ ರಾತ್ರಿ ವಾಪಸ್ ಬರುವಾಗ ಕಾರಿನಲ್ಲಿ ಒಂದೇ ವಾದ. ನಮ್ಮ ಪೆಂಡೆಂಟ್ ಐದು ನಿಮಿಷಕ್ಕೊಮ್ಮೆ ಕೆಲವೇ ಸೆಕೆಂಡು ಕಳಿಸುತ್ತದೆ, ಪೂರ್ತಿ ಪವರ್‌ನಲ್ಲಿ ಬಿಡದೆ ಕಳಿಸುವುದು ಯಾವಾಗ? ಲ್ಯಾಬ್‌ನಲ್ಲೂ ಇದನ್ನೇ ಕೇಳಿದ್ದೆವು. ಗುಂಡಿ ಒತ್ತಿ ಮಾತಾಡುವಾಗ ಕರೆ ಎಷ್ಟು ಹೊತ್ತಾದರೂ ನಡೆಯಬಹುದಲ್ಲ ಅಂದರು. ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ನನಗೆ ಊರು ನೆನಪಾಯಿತು. ಟವರ್ ದೂರ ಇದ್ದಷ್ಟೂ ಫೋನ್ ಪವರ್ ಏರಿಸುತ್ತದೆ. ನಮ್ಮ ಮನೆಯಲ್ಲಿ ಸಿಗುವುದು ಒಂದು ಕಡ್ಡಿ ಸಿಗ್ನಲ್, ಮಳೆಗಾಲದಲ್ಲಿ ಅದೂ ಇಲ್ಲ. ಲ್ಯಾಬ್‌ನ ಕಾಲ್ ಬಾಕ್ಸ್ ಹೇಳುವ ಪೂರ್ತಿ ಪವರ್ ಅಮ್ಮನ ಅಡುಗೆಮನೆಯಲ್ಲಿ ನಿಜವಾಗಿ ನಡೆಯುವಂಥದ್ದೇ. ಅಲ್ಲಿಗೆ ವಾದ ಬಿಟ್ಟೆವು.

ಎರಡು ದಾರಿ ಇತ್ತು. ಆಂಟೆನಾವನ್ನು ಹಿಂಬದಿಯಿಂದ ಮುಂದಿನ ಅಂಚಿಗೆ ತರುವುದು, ಅಥವಾ ಪವರ್ ಇಳಿಸುವುದು. ಆಂಟೆನಾ ಸರಿಸಿದರೆ ಹೊಸ ಬೋರ್ಡ್, ಹೊಸ ಅಚ್ಚು, ಇನ್ನೂ ನಾಲ್ಕು ತಿಂಗಳು. ಬ್ಯಾಂಡ್ 2 ಮತ್ತು 4ರಲ್ಲಿ ಮಾತ್ರ 2 ಡಿಬಿ ಇಳಿಸಿದೆವು. ಇದನ್ನು ಬಳಕೆದಾರರು ಬದಲಾಯಿಸಲಾಗದ ಹಾಗೆ ಲಾಕ್ ಮಾಡಬೇಕು, ಅದಕ್ಕೆ ಮಾಡ್ಯೂಲ್ ಕಂಪನಿಯವರೇ ಫೈಲ್ ಕೊಡಬೇಕು. ಮತ್ತೆ ಎರಡು ವಾರ. ಸಿಗ್ನಲ್ ಕಮ್ಮಿ ಇರುವ ಕಡೆ 2 ಡಿಬಿ ಸಣ್ಣದಲ್ಲ, ಇದು ನನಗೆ ಈಗಲೂ ಪೂರ್ತಿ ಸಮಾಧಾನ ಕೊಟ್ಟ ಪರಿಹಾರ ಅಲ್ಲ. ಮುಂದಿನ ಬೋರ್ಡಿನಲ್ಲಿ ಆಂಟೆನಾ ಮುಂದೆ ಬರುತ್ತದೆ. ನೀವು ಇನ್ನೂ ಡಿಸೈನ್ ಹಂತದಲ್ಲಿದ್ದರೆ ಮೈಗೆ ತಾಗುವ ಬದಿಯಿಂದ ಆಂಟೆನಾವನ್ನು ಆದಷ್ಟು ದೂರ ಇಡಿ. ಒಂದೆರಡು ಮಿಲಿಮೀಟರ್ ಕೂಡ ಅಳತೆಯಲ್ಲಿ ಕಾಣುತ್ತದೆ.

ಮೇ ತಿಂಗಳಲ್ಲಿ ರೀಟೆಸ್ಟ್. 1,40,000 ರೂಪಾಯಿ. ಈ ಸಲ ಅಳತೆ 0.97, ಸ್ಕೇಲ್ ಮಾಡಿದ ಮೇಲೆ 1.16. ಬ್ಲೂಟೂತ್ ಕೂಡ ಒಟ್ಟಿಗೇ ನಡೆಯುವುದರಿಂದ ಅದರ ಅಂದಾಜು 0.1 ಸೇರಿಸಿದರು. ಒಟ್ಟು 1.26. ಪಾಸು. ಆ ಹುಡುಗನಿಗೆ ಮೈಸೂರು ಪಾಕ್ ತಂದುಕೊಟ್ಟೆವು.

ಅದೇ ದಿನ ನಮ್ಮ ದೇಶದ ಮಾಡೆಲ್ಲನ್ನೂ ಅಳೆಸಿದೆವು. ಯಾರೂ ಕೇಳಿರಲಿಲ್ಲ, ಇನ್ನೂ 60,000 ಹೋಯಿತು. ಇಲ್ಲಿನ ಬ್ಯಾಂಡ್ 3 ಕಳಿಸುವುದು 1710ರಿಂದ 1785 ಮೆಗಾಹರ್ಟ್ಸ್‌ನಲ್ಲಿ, ಅಮೆರಿಕದ ಬ್ಯಾಂಡ್ 4 ಕಳಿಸುವುದೂ ಇದರೊಳಗೇ ಬರುತ್ತದೆ. ಅಲ್ಲಿ ಜಾಸ್ತಿ ಬಂದರೆ ಇಲ್ಲೂ ಬರುತ್ತದೆ ಅಲ್ವಾ? ಬಂತು. ಅದರಲ್ಲೂ ಪವರ್ ಇಳಿಸಿದೆವು, 1.09ಕ್ಕೆ ನಿಂತಿತು.

ಒಂದು ಮಾತು ಇಲ್ಲೇ ಹೇಳಬೇಕು. ಎಸ್‌ಎಆರ್ ಪಾಸಾಯಿತು ಅಂದರೆ ಪೇಸ್‌ಮೇಕರ್ ಇರುವವರೂ ಹಾಕಿಕೊಳ್ಳಬಹುದು ಅಂತ ಅರ್ಥ ಅಲ್ಲ. ಇದು ಬಿಸಿಯಾಗುವುದರ ಲೆಕ್ಕ, ಅದು ಬೇರೆ ಯಂತ್ರಕ್ಕೆ ಅಡ್ಡಿಯಾಗುವುದರ ಲೆಕ್ಕ. ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನ ನೋಡಿಕೊಳ್ಳುವ ಎಫ್‌ಡಿಎ ಮೊಬೈಲ್ ಫೋನನ್ನು ಪೇಸ್‌ಮೇಕರ್‌ನಿಂದ 6 ಇಂಚು ದೂರ ಇಡಿ ಅನ್ನುತ್ತದೆ. ಪೆಂಡೆಂಟ್ ಇರುವುದು ಎದೆ ಮೇಲೆ, ಹಾಕಿಕೊಳ್ಳುವವರು ವಯಸ್ಸಾದವರು. ಅವರಿಗೆ ಸೊಂಟದ ಕ್ಲಿಪ್ ಬಳಸಿ ಅಂತ ಕೈಪಿಡಿಯ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಹಾಕಿದ್ದೇವೆ.

ರಿಪೋರ್ಟ್ ಕೈಗೆ ಬಂದಮೇಲೆ ಬೇಗ ಆಗುತ್ತದೆ ಅಂದುಕೊಂಡರೆ ಇನ್ನೊಂದು ತಿಂಗಳು. ಗ್ರಾಂಟ್ ಕೊಡುವುದು ಟಿಸಿಬಿ ಅನ್ನುವ ಸಂಸ್ಥೆ. ಅದರ ಫೀಸು ನಮಗೆ 1,900 ಡಾಲರ್ ಆಯಿತು. ಅವರು ಎರಡು ಕಾಗದಕ್ಕೆ ವಾಪಸ್ ಕಳಿಸಿದರು. 2023ರಿಂದ ಅರ್ಜಿ ಹಾಕುವವರಿಗೆ ಅಮೆರಿಕದಲ್ಲಿ ಒಬ್ಬ ಏಜೆಂಟ್ ಇರಲೇಬೇಕು, ನೋಟಿಸು ಬಂದರೆ ತೆಗೆದುಕೊಳ್ಳಲು. ನಮ್ಮ ಡಿಸ್ಟ್ರಿಬ್ಯೂಟರ್ ಸಹಿ ಹಾಕಿದರು. ಇನ್ನೊಂದು, ನಿಷೇಧಿತ ಕಂಪನಿಗಳ ಪಟ್ಟಿಯಲ್ಲಿ ನಾವಿಲ್ಲ ಅನ್ನುವ ದೃಢೀಕರಣ. ಫೋಟೊ, ಕೈಪಿಡಿ ಎಲ್ಲ ಗ್ರಾಂಟ್ ದಿನವೇ ಎಲ್ಲರಿಗೂ ಕಾಣುವ ಹಾಗೆ ಆಗುತ್ತದೆ. ಮಾರುಕಟ್ಟೆಗೆ ಬರುವ ಮೊದಲು ಬೇಡ ಅಂದರೆ 180 ದಿನದವರೆಗೆ ಗುಟ್ಟಾಗಿಡಲು ಅರ್ಜಿಯಲ್ಲೇ ಕೇಳಬೇಕು. ಸರ್ಕ್ಯೂಟ್ ಚಿತ್ರಕ್ಕೆ ಬೇರೆಯಾಗಿ ಕೇಳಿ, ಅದು ಶಾಶ್ವತವಾಗಿ ಗುಟ್ಟಾಗಿರುತ್ತದೆ.

ಜಿಎಸ್‌ಟಿ ಸೇರಿ ಒಟ್ಟು ಖರ್ಚು ಒಂಬತ್ತೂವರೆ ಲಕ್ಷ ದಾಟಿತು. ಓಡಾಟ, ಪೀಸು, ಹಾಳಾದ ಬೋರ್ಡ್ ಇದರಲ್ಲಿ ಇಲ್ಲ. ಮೊದಲೇ ಆ 20 ಸೆಂಟಿಮೀಟರ್ ಸಾಲು ಓದಿ, ಆಂಟೆನಾ ಮುಂದಿಟ್ಟು, ಟ್ಯೂನ್‌ಅಪ್ ಪತ್ರ ಯೋಚಿಸಿ ಬರೆದಿದ್ದರೆ ಎರಡು ಲಕ್ಷವಾದರೂ, ಎರಡು ತಿಂಗಳಾದರೂ ಉಳಿಯುತ್ತಿತ್ತು.

ಶನಿವಾರ ರಾತ್ರಿ ಬಸ್ ಹತ್ತಿ ಊರಿಗೆ ಹೋದೆ. ಅಮ್ಮನ ಕೊರಳಿಂದ ಹಳೇ ಪೆಂಡೆಂಟ್ ತೆಗೆದು ಹೊಸದು ಹಾಕಿದೆ. "ಇದ್ರಲ್ಲಿ ಎಂತ ಬೇರೆ?" ಅಂತ ಕೇಳಿದರು. ಈ ಸಲ ಅಳೆದಿದ್ದೇವೆ ಅಂತ ಹೇಳಿ, ಮಿತಿ ಎಷ್ಟು, ನಮ್ಮದು ಎಷ್ಟು ಅಂತ ಎರಡೂ ಸಂಖ್ಯೆ ಹೇಳಿದೆ. ಕ್ಯಾಲೆಂಡರಿನ ಹಿಂದೆ ಬರೆದಿಡು ಅಂದರು. ಬರೆದಿಟ್ಟೆ. ಗುಂಡಿ ಒತ್ತಿ ನೋಡಿದೆವು, ಅಡುಗೆಮನೆಯಿಂದ ಕರೆ ಸಿಗಲು ಮೊದಲಿಗಿಂತ ಕೊಂಚ ಜಾಸ್ತಿ ಹೊತ್ತು ಹಿಡಿಯಿತು, ಆದರೆ ಸಿಕ್ಕಿತು. ಹಳೇದು ಈಗ ನನ್ನ ಮೇಜಿನ ಮೇಲಿದೆ.